ತೆಳುರಕ್ತದ ಚಕ್ರಪಾಣಿ

ಚಕ್ರಪಾಣಿ ಎನ್ನುವುದು ಅವರ ಅಪ್ಪ ಅಮ್ಮ ಇಟ್ಟ ಹೆಸರಲ್ಲ. ನೀರು ಸರಬರಾಜು ಕಚೇರಿಯ ನಕ್ಷೆ ವಿಭಾಗದಲ್ಲಿ ಕೊಳವೆಗಳ ಗೆರೆ ಎಳೆಯುವ ಈ ಮಹನೀಯರು ದಿನಾ ಸೈಕಲ್ಲಿನಲ್ಲೇ ಕೆಲಸಕ್ಕೆ ಬರುತ್ತಿದ್ದರು. ಬಂದವರು ಕಳ್ಳರ ಭಯಕ್ಕೆ ಮುಂದಿನ ಚಕ್ರ ಕಳಚಿ, ಅದನ್ನು ಕೈಯಲ್ಲಿ ಹಿಡಿದೇ ಮೂರು ಮಹಡಿ ಹತ್ತುತ್ತಿದ್ದರು. ಯಾರೋ ತಮಾಷೆಗೆ ಕರೆದ ಹೆಸರು ಕಚೇರಿಯಿಂದ ಬೀದಿಗೆ ಬಂತು, ಬೀದಿಯಿಂದ ಮನೆಗೂ ಬಂತು. ಅವರ ನಿಜವಾದ ಹೆಸರು ಈಗ ಸಂಬಳದ ಗುಮಾಸ್ತರಿಗೆ ಮಾತ್ರ ನೆನಪಿದೆ, ಅದೂ ತಿಂಗಳಿಗೊಮ್ಮೆ.

ಹಿಂದೊಮ್ಮೆ ಇವರ ಎಡಗಾಲಿನ ಮೀನಖಂಡದಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಡಾಕ್ಟರಮ್ಮ ಕೆಲವು ತಿಂಗಳು ಮಾತ್ರೆ ಕೊಟ್ಟರು, ಹೆಪ್ಪು ಕರಗಿತು, ಮಾತ್ರೆ ನಿಲ್ಲಿಸಿದರು. ಬೇರೆ ಯಾರಾದರೂ ಆಗಿದ್ದರೆ ಆ ತಾಯಿಗೊಂದು ನಮಸ್ಕಾರ ಹೇಳಿ ಸುಮ್ಮನಾಗುತ್ತಿದ್ದರು. ಚಕ್ರಪಾಣಿ ಮಾತ್ರ ಗೆಲುವಿನ ಪೂರ್ತಿ ಕೀರ್ತಿಯನ್ನು ಸೈಕಲ್ಲಿಗೆ ಬರೆದುಕೊಟ್ಟರು. ಊಟದ ಬಿಡುವಿನಲ್ಲಿ ಪ್ಯಾಂಟು ಮಡಚಿ, ಮೀನಖಂಡವನ್ನು ಸಾಕ್ಷಿಗೆ ನಿಲ್ಲಿಸಿ ಭಾಷಣ ಮಾಡಿದರು. ರಕ್ತ ಅನ್ನೋದು ಓಡಾಡ್ತಾ ಇರಬೇಕು, ಕೂತಲ್ಲೇ ಕೂರೋರಿಗೆ ಮಾತ್ರ ಅದು ಗಟ್ಟಿಯಾಗೋದು ಎಂದು ಕುರ್ಚಿಯಲ್ಲಿ ಕೂತವರನ್ನು ಒಬ್ಬೊಬ್ಬರನ್ನಾಗಿ ನೋಡಿ ಹೇಳಿದರು. ಅವರ ಮಾತಿಗೆ ಮರುಳಾಗಿ ಮೇಲಧಿಕಾರಿಗಳು ಒಂದು ಸೈಕಲ್ ಕೊಂಡು, ಅದರ ಮೇಲೆ ಒಗೆದ ಟವೆಲ್ ಒಣಗಿಸತೊಡಗಿದರು. ಎದುರುಮನೆಯ ನಿವೃತ್ತ ಮೇಷ್ಟ್ರು ಈ ಭಾಷಣವನ್ನು ಗೇಟಿನಲ್ಲಿ ನಿಂತು ಎಷ್ಟು ಸಲ ಕೇಳಿದರೆಂದರೆ, ಚಕ್ರಪಾಣಿ ಮರೆತ ಸಾಲುಗಳನ್ನು ಅವರೇ ಎತ್ತಿಕೊಡುತ್ತಿದ್ದರು.

ಹೀಗಿರುವಾಗ ಅದೇ ಮೀನಖಂಡ ಮತ್ತೆ ಊದಿಕೊಂಡಿತು.

ಕಾಲಿಗೆ ಮರ್ಯಾದೆಯ ಪ್ರಶ್ನೆ ಇರುವುದಿಲ್ಲ, ಭಾಷಣಕಾರನಿಗೆ ಇರುತ್ತದೆ. ಚಕ್ರಪಾಣಿ ಸಡಿಲವಾದ ಪೈಜಾಮ ಹಾಕಿಕೊಂಡರು. ಹೆಂಡತಿ ಯಾಕೆ ಕುಂಟುತ್ತೀರಿ ಎಂದು ಕೇಳಿದಾಗ, ಭಾನುವಾರ ಗುಡ್ಡ ಹತ್ತಿದ್ದಕ್ಕೆ ಸ್ನಾಯು ಹಿಡಿದುಕೊಂಡಿದೆ ಎಂದರು. ಆ ಭಾನುವಾರ ಅವರು ಗುಡ್ಡದ ಬುಡದಿಂದಲೇ ವಾಪಸು ಬಂದಿದ್ದರೆಂಬುದು ಗುಡ್ಡಕ್ಕೂ ಅವರಿಗೂ ಮಾತ್ರ ಗೊತ್ತಿತ್ತು. ಆಮೇಲೆ ಕಚೇರಿಯ ಮೆಟ್ಟಿಲುಗಳಲ್ಲಿ ಉಸಿರು ಕಟ್ಟತೊಡಗಿತು. ಒಂದೊಂದು ತಿರುವಿನಲ್ಲೂ ನಿಂತು, ಗೋಡೆಗೆ ಅಂಟಿಸಿದ್ದ ಬೆಂಕಿ ಆರಿಸುವ ಸೂಚನೆಯನ್ನು ಪರೀಕ್ಷೆಗೆ ಕೂರುವವರ ಹಾಗೆ ಓದತೊಡಗಿದರು. ಮೇಲಧಿಕಾರಿಗಳು ಒಮ್ಮೆ ಅಲ್ಲೇ ಹಿಡಿದು, ಮೈ ಹುಷಾರಿಲ್ಲವೇ ಎಂದು ಕೇಳಿದರು.

"ಏನಿಲ್ಲ ಸಾರ್. ಇದರಲ್ಲಿ ಕಾಗುಣಿತ ತಪ್ಪಿದೆ, ನೋಡ್ತಿದ್ದೆ" ಎಂದರು ಚಕ್ರಪಾಣಿ.

ಮೇಲಧಿಕಾರಿಗಳು ಕನ್ನಡಕ ಏರಿಸಿ ತಪ್ಪು ಹುಡುಕುತ್ತಿರುವಾಗಲೇ, ಚಕ್ರಪಾಣಿ ಚಕ್ರವನ್ನು ತೊಡೆಯ ಮೇಲೆ ಇಟ್ಟುಕೊಂಡು ಮೆಟ್ಟಿಲ ಮೇಲೆ ಕೂತರು. ಕೂತವರು ಏಳಲಿಲ್ಲ. ಇಬ್ಬರು ಜವಾನರು ಅವರನ್ನೂ, ಮೇಲಧಿಕಾರಿಗಳು ಚಕ್ರವನ್ನೂ ಹೊತ್ತುಕೊಂಡು ಕೆಳಗಿಳಿದರು.

ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿ ನೋಡಿದರೆ, ಕಾಲಿನಲ್ಲಿ ಹೆಪ್ಪು ಕೂತಿತ್ತಲ್ಲದೆ ಅದರ ಒಂದು ತುಣುಕು ಕಿತ್ತುಕೊಂಡು ಶ್ವಾಸಕೋಶಕ್ಕೂ ಪ್ರಯಾಣ ಬೆಳೆಸಿತ್ತು. ಹೆಂಡತಿ ಓಡಿ ಬರುವಷ್ಟರಲ್ಲಿ ಮೂಗಿಗೆ ಆಮ್ಲಜನಕದ ಕೊಳವೆ ಹಾಕಿ ಮಲಗಿಸಿದ್ದರು. ಡಾಕ್ಟರಮ್ಮ ಸಮಾಧಾನವಾಗಿಯೇ ಮಾತಾಡಿದರು. "ಇನ್ನೆರಡು ದಿನ ಹೀಗೇ ಮುಚ್ಚಿಟ್ಟಿದ್ರೆ ನಾನು ನಿಮ್ಮ ಹತ್ರ ಮಾತಾಡ್ತಿರಲಿಲ್ಲ, ನಿಮ್ಮ ಮನೆಯವರ ಹತ್ರ ಮಾತ್ರ ಮಾತಾಡಬೇಕಿತ್ತು" ಎಂದರು. ಎರಡನೇ ಸಲ ಬಂದಿದ್ದರಿಂದ ಮಾತ್ರೆ ಇನ್ನು ಜೀವನಪೂರ್ತಿ ಎಂದೂ ಹೇಳಿದರು. ಚಕ್ರಪಾಣಿ ಕೇಳಿದ ಮೊದಲ ಪ್ರಶ್ನೆ, ಸೈಕಲ್ ಯಾವಾಗ ಎಂದು. ಸದ್ಯಕ್ಕೆ ಬೇಡ, ಆಮೇಲೆ ನೋಡೋಣ ಎಂದು ಡಾಕ್ಟರಮ್ಮ ಹೊರಟುಹೋದರು. ಹೆಂಡತಿ ಮಂಚದ ಪಕ್ಕಕ್ಕೆ ಒರಗಿಸಿದ್ದ ಚಕ್ರವನ್ನು ಎತ್ತಿಕೊಂಡು ಮನೆಗೆ ಹೋದಳು. ತನ್ನ ವಸ್ತುವನ್ನು ಜೋಪಾನ ಮಾಡುತ್ತಿದ್ದಾಳೆಂದು ತಿಳಿದು ಚಕ್ರಪಾಣಿಗೆ ಸಂತೋಷವಾಯಿತು. ಅದು ಅವರ ಅತ್ತೆಯ ಮಂಚದ ಕೆಳಗೆ ಹೋಗಿ ಸೇರಿತು.

ಅತ್ತೆ ಮಗಳಿಗೆ ಒತ್ತಾಸೆಯಾಗಲೆಂದು ಬಂದವರು. ಅಳಿಯ ಆಸ್ಪತ್ರೆಯಿಂದ ಮನೆಗೆ ಬಂದ ದಿನವೇ, ಊಟಕ್ಕೆ ಕೂತವರ ಮುಂದಿನಿಂದ ಮೊಸರಿನ ಬಟ್ಟಲನ್ನು ಎತ್ತಿಕೊಂಡರು. ಡಾಕ್ಟರಮ್ಮ ಮೊಸರಿನ ಸುದ್ದಿಯನ್ನೇ ಎತ್ತಿಲ್ಲ ಎಂದು ಚಕ್ರಪಾಣಿ ವಾದಿಸಿದರು. ಅತ್ತೆ ಬಟ್ಟಲನ್ನು ಸೆರಗಿನ ಹಿಂದೆ ಹಿಡಿದು ನ್ಯಾಯ ಹೇಳಿದರು.

"ಒಂದು ಚಮಚ ಹೆಪ್ಪು ಹಾಕಿದ್ರೆ ಪಾತ್ರೆ ತುಂಬ ಹಾಲು ಗಟ್ಟಿಯಾಗುತ್ತೆ. ನೀವು ದಿನಾ ಬಟ್ಟಲುಗಟ್ಟಲೆ ತಿಂತಾ ಇದ್ರಿ. ರಕ್ತ ಪಾಪ ಇನ್ನೇನು ಮಾಡಬೇಕು ಅಳಿಯಂದ್ರೇ?"

ಇಂಥ ಪ್ರಶ್ನೆಗೆ ಉತ್ತರ ಕೊಡಬಲ್ಲ ಅಳಿಯ ಇನ್ನೂ ಹುಟ್ಟಿಲ್ಲ. ಅತ್ತೆ ಅಲ್ಲಿಗೇ ನಿಲ್ಲಿಸಲಿಲ್ಲ. ಬೆಚ್ಚಗೆ, ಅಲುಗಾಡದ ಹಾಗೆ ಇಟ್ಟರೆ ಹೆಪ್ಪು ಚೆನ್ನಾಗಿ ಕೂರುತ್ತದೆಂಬುದು ಅವರ ಅಡುಗೆಮನೆಯ ಅನುಭವ. ಆದ್ದರಿಂದ ಅಳಿಯನ ಹೊದಿಕೆ ಕಿತ್ತುಕೊಂಡರು. ಅವರು ಕುರ್ಚಿಯಲ್ಲಿ ಕಣ್ಣು ಮುಚ್ಚಿದರೆ ಸಾಕು, ಕಾಲು ಅಲುಗಾಡಿಸಿ ಎಂದು ಅಡುಗೆಮನೆಯಿಂದಲೇ ಕೂಗುತ್ತಿದ್ದರು. ತುಂಬ ಹೊತ್ತು ಅಲುಗಾಡದೆ ಕೂರಬಾರದೆಂದು ಡಾಕ್ಟರಮ್ಮನೂ ಹೇಳಿದ್ದರಿಂದ ಅತ್ತೆಯ ವಿಜ್ಞಾನಕ್ಕೆ ಮನೆಯಲ್ಲಿ ಪೂರ್ಣ ಮಾನ್ಯತೆ ಸಿಕ್ಕಿತು.

ಇದು ಒಳಗಿನ ಕಾಟವಾಯಿತು. ಹೊರಗಿನದು ಮೇಷ್ಟ್ರಿಂದ ಶುರುವಾಯಿತು. ಅವರು ಗೇಟಿನ ಬಳಿ ನಿಂತು ಯಜಮಾನರಿಗೆ ಹೇಗಿದೆ ಎಂದು ವಿಚಾರಿಸಿದಾಗ, ರಕ್ತ ತೆಳು ಮಾಡುವ ಮಾತ್ರೆ ಕೊಟ್ಟಿದ್ದಾರೆಂದು ಹೆಂಡತಿ ಹೇಳಿದಳು. ಹೇಳಿದ್ದು ಇಷ್ಟೇ. ಮೇಷ್ಟ್ರು ತರಕಾರಿ ಗಾಡಿಯ ಹತ್ತಿರ ತಲುಪಿದಾಗ ಚಕ್ರಪಾಣಿಯ ರಕ್ತ ತೆಳ್ಳಗಾಗಿತ್ತು. ಔಷಧಿ ಅಂಗಡಿಯ ಹತ್ತಿರ ಅದು ನೀರಾಯಿತು. ಬೀದಿಯ ಕೊನೆಯ ಕ್ಷೌರದಂಗಡಿಗೆ ಬರುವಷ್ಟರಲ್ಲಿ ಅವರ ಮೈಯಲ್ಲಿ ರಕ್ತವೇ ಇರಲಿಲ್ಲ.

ಮರುದಿನದಿಂದ ಮನೆಗೆ ಬೀಟ್‌ರೂಟ್ ಬರತೊಡಗಿತು. ಹಿತ್ತಲಲ್ಲಿ ಬೆಳೆದವರು ಮಣ್ಣಿನ ಸಮೇತ ತಂದರು, ಅಂಗಡಿಯಲ್ಲಿ ಕೊಂಡವರು ಚೀಲದ ಸಮೇತ ತಂದರು. ತರಕಾರಿ ಗಾಡಿಯವನು ಮಾರಾಟವಾಗದೆ ಉಳಿದಿದ್ದನ್ನು ತನ್ನ ಕಾಣಿಕೆ ಎಂದು ಕೊಟ್ಟುಹೋದ. ಮೊಸರು ಹೋದ ಜಾಗವನ್ನು ಬೀಟ್‌ರೂಟ್ ಆಕ್ರಮಿಸಿತು. ಅತ್ತೆ ಬೆಳಿಗ್ಗೆ ರಸ, ಮಧ್ಯಾಹ್ನ ಪಲ್ಯ, ಸಂಜೆ ಮತ್ತೆ ರಸ ಕೊಟ್ಟರು. ಗಡ್ಡ ತೆಗೆಸೋಣವೆಂದು ಹೋದರೆ ಕ್ಷೌರಿಕ ಕತ್ತಿಯನ್ನು ಡಬ್ಬಿಯೊಳಗಿಟ್ಟು ಕೈಕಟ್ಟಿ ನಿಂತ. ಇರೋ ನಾಲ್ಕು ಹನಿನೂ ನನ್ನ ಅಂಗಡೀಲಿ ಚೆಲ್ಲಿಹೋದ್ರೆ ನಾಳೆಯಿಂದ ಯಾರು ಬರ್ತಾರೆ ಎನ್ನುವುದು ಅವನ ವಾದ. ಚಕ್ರಪಾಣಿ ಗಡ್ಡ ಬಿಟ್ಟರು. ಗಡ್ಡ ಬಿಟ್ಟಿದ್ದಕ್ಕೆ ಸಪ್ಪಗೆ ಕಂಡರು. ಸಪ್ಪಗೆ ಕಂಡಿದ್ದಕ್ಕೆ ಇನ್ನಷ್ಟು ಬೀಟ್‌ರೂಟ್ ಬಂತು.

ಒಂದು ಬೆಳಿಗ್ಗೆ ಬಚ್ಚಲಿನಿಂದ ಚಕ್ರಪಾಣಿಯ ಕೂಗು ಕೇಳಿಸಿತು. ಈ ಮಾತ್ರೆ ತಿನ್ನುವವರು ಮೂತ್ರದ ಬಣ್ಣ ಕೆಂಪಾದರೆ ತಕ್ಷಣ ಬರಬೇಕೆಂದು ಡಾಕ್ಟರಮ್ಮ ಬೆದರಿಸಿ ಕಳಿಸಿದ್ದರು. ಅಂದು ಅದು ಕೆಂಪಾಗಿತ್ತು. ಈ ಸಲ ಮುಚ್ಚಿಡಲು ಅವರಿಗೆ ಧೈರ್ಯ ಬರಲಿಲ್ಲ. ಹೆಂಡತಿ ಬಾಡಿಗೆ ಕಾರು ಕರೆಸಿದಳು. ದಾರಿಯುದ್ದಕ್ಕೂ ಅವಳು ಅವರ ಕೈ ಹಿಡಿದುಕೊಂಡಿದ್ದಳು. ಆ ಹಿಡಿತಕ್ಕೆ ಬೆರಳುಗಳಲ್ಲಿ ರಕ್ತ ಓಡಾಡುವುದೇ ನಿಂತುಹೋಗುತ್ತದೇನೋ ಎಂದು ಚಕ್ರಪಾಣಿಗೆ ಅನ್ನಿಸಿತು.

ಡಾಕ್ಟರಮ್ಮ ಪರೀಕ್ಷೆ ಮಾಡಿಸಿ ನೋಡಿ, ನಿನ್ನೆ ಏನು ತಿಂದಿರಿ ಎಂದು ಕೇಳಿದರು. ಚಕ್ರಪಾಣಿ ಬೀಟ್‌ರೂಟ್ ಎಂದರು. ಮೊನ್ನೆ? ಬೀಟ್‌ರೂಟ್. ಅದಕ್ಕೂ ಹಿಂದೆ? ಚಕ್ರಪಾಣಿ ತಲೆ ತಗ್ಗಿಸಿದರು. ರಕ್ತ ಒಂದು ಹನಿಯೂ ಹೋಗಿಲ್ಲ, ಹೋಗುತ್ತಿರುವುದು ತರಕಾರಿ ಎಂದು ಡಾಕ್ಟರಮ್ಮ ನಕ್ಕು, ಹೇಗೂ ಬಂದಿದ್ದೀರಲ್ಲ ಎಂದು ಕಾಲನ್ನೂ ಎದೆಯನ್ನೂ ಪರೀಕ್ಷಿಸಿದರು. ಆಮೇಲೆ ಚಕ್ರಪಾಣಿ ಪರದೆಯ ಹಿಂದೆ ಹೋಗಿ, ಕಾಲು ಊದದಿರಲೆಂದು ಆಸ್ಪತ್ರೆಯಲ್ಲಿ ಕೊಟ್ಟಿದ್ದ ಬಿಗಿಯಾದ ಉದ್ದನೆಯ ಕಾಲುಚೀಲವನ್ನು ಮತ್ತೆ ಹಾಕಿಕೊಳ್ಳತೊಡಗಿದರು. ಆ ಕಾಲುಚೀಲವನ್ನು ಹಾಕಿಕೊಳ್ಳುವುದೆಂದರೆ ಹಾವಿನ ಪೊರೆಯನ್ನು ಹಾವಿಗೆ ಮತ್ತೆ ತೊಡಿಸಿದ ಹಾಗೆ. ಅವರು ಏದುಸಿರು ಬಿಡುತ್ತ ಅದನ್ನು ಮೊಣಕಾಲಿನವರೆಗೆ ತರುವಷ್ಟರಲ್ಲಿ ಡಾಕ್ಟರಮ್ಮ ಹೆಂಡತಿಗೆ ಏನೇನೋ ಹೇಳಿ ಮುಗಿಸಿದ್ದರು. ಏನು ಹೇಳಿದರು ಎಂದು ಇವರು ಕಾರಿನಲ್ಲಿ ಕೇಳಿದಾಗ ಹೆಂಡತಿ ಕಿಟಕಿಯಿಂದ ಹೊರಗೆ ನೋಡುತ್ತ, ಹುಷಾರಾಗಿರಬೇಕಂತೆ ಎಂದಳು.

ವಾರಗಳು ಉರುಳಿದವು. ಚಕ್ರಪಾಣಿಗೆ ಕಾಲು ನೆಟ್ಟಗಾಯಿತು, ಉಸಿರು ಸಲೀಸಾಯಿತು. ಜವಾನರು ಕಚೇರಿಯಿಂದ ತಂದಿಟ್ಟಿದ್ದ ಸೈಕಲ್ ಮಾತ್ರ ಒಂದೇ ಚಕ್ರದಲ್ಲಿ ಹಜಾರದ ಗೋಡೆಗೆ ಒರಗಿ ಕಾಯುತ್ತಿತ್ತು. ಅದರ ಸರಪಳಿಗೆ ಎಣ್ಣೆ ಬಿಟ್ಟು ಬಿಟ್ಟು ಎಣ್ಣೆ ನೆಲಕ್ಕೆ ಇಳಿಯಿತು. ಎಣ್ಣೆಯ ಮೇಲೆ ಜಾರಿ ಬಿದ್ದರೆ ಗತಿಯೇನು ಎಂದು ಅತ್ತೆ ಎಣ್ಣೆಡಬ್ಬಿಯನ್ನೂ ವಶಪಡಿಸಿಕೊಂಡರು. ಕೊನೆಗೆ ಒಂದು ದಿನ ಹೆಂಡತಿ ಹೊರಗೆ ಹೋಗಿ, ಅತ್ತೆ ಸ್ನಾನಕ್ಕೆ ಇಳಿದಾಗ, ಇವರು ಮಂಚದ ಕೆಳಗೆ ತೂರಿ ಚಕ್ರ ತಂದು, ಜೋಡಿಸಿ, ಬೀದಿಗೆ ಇಳಿಸಿಯೇಬಿಟ್ಟರು.

ಎರಡು ಸುತ್ತು ಪೆಡಲ್ ತುಳಿದಿರಬೇಕು. ಮೇಷ್ಟ್ರು ಮಹಡಿಯಿಂದ ನೋಡಿ ಕೂಗಿದರು. ನಲವತ್ತು ವರ್ಷ ಗದ್ದಲದ ತರಗತಿಗಳನ್ನು ಒಂದೇ ಕೂಗಿಗೆ ತಣ್ಣಗಾಗಿಸಿದ ಗಂಟಲು ಅವರದು. ತರಕಾರಿಯವನು ಗಾಡಿಯನ್ನು ರಸ್ತೆಗೆ ಅಡ್ಡ ನಿಲ್ಲಿಸಿದ. ಕ್ಷೌರಿಕ ಅರ್ಧ ನೊರೆ ಹಚ್ಚಿದ ಗಿರಾಕಿಯನ್ನು ಬಿಟ್ಟು ಓಡಿ ಬಂದು ಹ್ಯಾಂಡಲ್ ಹಿಡಿದ. ಗಿರಾಕಿಯೂ ನೊರೆಯ ಸಮೇತ ಬಂದು ಹಿಂದಿನ ಸೀಟು ಹಿಡಿದ. ಬಿದ್ದರೆ ಒಡೆದುಹೋಗುವ ಗಾಜಿನ ಸಾಮಾನಿನಂತೆ ಚಕ್ರಪಾಣಿಯನ್ನು ಎತ್ತಿ ಇಳಿಸಿ, ಮೆರವಣಿಗೆಯಲ್ಲಿ ಮನೆಗೆ ತಂದರು. ನನಗೆ ರಕ್ತ ಬೇಕಾದಷ್ಟಿದೆ ಎಂದು ಇವರು ದಾರಿಯುದ್ದಕ್ಕೂ ಹೇಳಿದರು. ರಕ್ತ ಕಮ್ಮಿಯಾದರೆ ಮನುಷ್ಯ ಹೀಗೇ ಬಡಬಡಿಸುತ್ತಾನೆ ಎಂದು ಮೇಷ್ಟ್ರು ಉಳಿದವರಿಗೆ ವಿವರಿಸಿದರು.

ಚಕ್ರ ಮತ್ತೆ ಅತ್ತೆಯ ಮಂಚದ ಕೆಳಗೆ ಸೇರಿದ ಮೇಲೆ, ಕಚೇರಿಗೆ ಮರಳಿದರೆ ಅಲ್ಲೂ ಇದೇ. ಮೇಲಧಿಕಾರಿಗಳು ಅದೇ ಕ್ಷೌರದಂಗಡಿಯ ಗಿರಾಕಿ. ಚಕ್ರಪಾಣಿಯ ಮೇಜಿನ ಮೇಲಿಂದ ಕತ್ತರಿ, ಗುಂಡುಸೂಜಿ, ಸ್ಟೇಪ್ಲರ್ ಮಾಯವಾಗಿದ್ದವು. ಚೂಪಾದ ಪೆನ್ಸಿಲ್ಲಿನ ಜಾಗದಲ್ಲಿ ಮಕ್ಕಳು ಬಳಸುವ ಮೇಣದ ಬಣ್ಣದ ಕಡ್ಡಿಗಳಿದ್ದವು. ಇಡೀ ಊರಿನ ಮುಖ್ಯ ನೀರಿನ ಕೊಳವೆಯನ್ನು ಚಕ್ರಪಾಣಿ ಬೆರಳು ದಪ್ಪದ ನೇರಳೆ ಬಣ್ಣದಲ್ಲಿ ಬರೆದರು. ಅದು ಮೂರು ಬೀದಿಗಳನ್ನು ನುಂಗಿಹಾಕಿತು. ತಾಳ್ಮೆಗೆಟ್ಟು ಮೇಲಧಿಕಾರಿಗಳ ಕೋಣೆಗೆ ಹೋಗಿ, ತಮಗೆ ಏನೂ ಆಗಿಲ್ಲವೆಂದು ಖಡಾಖಂಡಿತವಾಗಿ ಹೇಳಿದರು.

ಮೇಲಧಿಕಾರಿಗಳು ಎದ್ದು ಬಂದು ಹೆಗಲ ಮೇಲೆ ಕೈಯಿಟ್ಟರು. "ಆವತ್ತು ಮೆಟ್ಟಿಲ ಮೇಲೂ ನೀವು ಏನಿಲ್ಲ ಅಂತಾನೇ ಅಂದಿದ್ರಿ."

ಚಕ್ರಪಾಣಿ ಹೋಗಿ ನೇರಳೆ ಕಡ್ಡಿ ಎತ್ತಿಕೊಂಡರು.

ಮುಂದಿನ ವಾರ ಕಚೇರಿಯ ಅಂಗಳದಲ್ಲಿ ಶಾಮಿಯಾನ ಎದ್ದಿತು. ಅದರ ಹಣೆಗೆ ಕೆಂಪು ಅಕ್ಷರದ ಬಟ್ಟೆ ಕಟ್ಟಿದ್ದರು: ‘ನಮ್ಮ ಚಕ್ರಪಾಣಿಗೆ ನಮ್ಮ ರಕ್ತ’. ರಕ್ತ ಸಂಗ್ರಹಿಸುವ ವ್ಯಾನು ಬಂತು, ಮಂಚಗಳು ಬಂದವು. ಬೀದಿಯವರೆಲ್ಲ ಮೇಷ್ಟ್ರ ಹಿಂದೆ ಸಾಲಾಗಿ ಬಂದರು. ಹೆಂಡತಿಯೂ ಅತ್ತೆಯೂ ಮೊದಲ ಸಾಲಿನಲ್ಲಿ ಕೂತರು. ಚಕ್ರಪಾಣಿಯನ್ನು ವೇದಿಕೆಯ ಮೇಲೆ ದಿಂಬು ಹಾಕಿದ ಕುರ್ಚಿಯಲ್ಲಿ ಕೂರಿಸಿದರು. ಮೇಲಧಿಕಾರಿಗಳು ಭಾಷಣ ಮಾಡುತ್ತ, ಈ ಕಚೇರಿ ಊರಿಗೆಲ್ಲ ನೀರು ಕೊಟ್ಟಿದೆ, ತನ್ನವನೊಬ್ಬನಿಗೆ ರಕ್ತ ಕೊಡಲಾರದೇ ಎಂದು ಕೇಳಿ ಕಣ್ಣೊರೆಸಿಕೊಂಡರು. ಸಭೆಯಲ್ಲಿ ಹಲವರು ಮೂಗೊರೆಸಿಕೊಂಡರು. ಸತ್ತವರಿಗೆ ಮಾತ್ರ ಸಿಗುವಂಥ ಗೌರವ ತಮಗೆ ಬದುಕಿರುವಾಗಲೇ ಸಿಗುತ್ತಿದೆಯಲ್ಲ ಎಂದು ಚಕ್ರಪಾಣಿಗೆ ಹಲ್ಲು ಕಡಿಯುವಷ್ಟು ಸಿಟ್ಟು ಬಂತು.

ಮುಖ್ಯ ಅತಿಥಿಯಾಗಿ ಕರೆಸಿದ್ದು ಡಾಕ್ಟರಮ್ಮನನ್ನೇ. ರಕ್ತದಾನ ಶಿಬಿರವೆಂದಷ್ಟೇ ಅವರಿಗೆ ಹೇಳಿದ್ದರು. ಅವರು ಬಂದು ಮೇಲಿನ ಬಟ್ಟೆ ಓದಿದರು, ದಿಂಬಿನ ಮೇಲಿದ್ದ ತಮ್ಮ ರೋಗಿಯನ್ನು ನೋಡಿದರು, ಮತ್ತೆ ಬಟ್ಟೆ ಓದಿದರು. ಅಷ್ಟು ಹೊತ್ತಿಗೆ ಚಕ್ರಪಾಣಿ ಎದ್ದು ಮೈಕನ್ನು ಮೇಲಧಿಕಾರಿಗಳ ಕೈಯಿಂದ ಕಿತ್ತುಕೊಂಡಿದ್ದರು.

"ಡಾಕ್ಟ್ರೇ, ಇವರಿಗೆಲ್ಲ ನೀವೇ ಹೇಳಿಬಿಡಿ. ನನ್ನ ಮೈಯಲ್ಲಿ ರಕ್ತ ಇದೆಯೋ ಇಲ್ವೋ?"

ಇವರಿಗೆ ರಕ್ತ ತುಂಬ ಚೆನ್ನಾಗಿದೆ ಎಂದರು ಡಾಕ್ಟರಮ್ಮ. ರಕ್ತ ತೆಳು ಮಾಡುವುದು ಎನ್ನುವುದು ಬರೀ ಬಾಯಿಮಾತು, ಮಾತ್ರೆ ಅದನ್ನು ನೀರು ಮಾಡುವುದಿಲ್ಲ, ಹೆಪ್ಪುಗಟ್ಟುವುದನ್ನು ತಡೆಯುತ್ತದೆ ಅಷ್ಟೇ. ಅತ್ತೆ ಕೂತಲ್ಲಿಂದಲೇ ಕೇಳಿದ್ದಕ್ಕೆ, ಮೊಸರಿಗೂ ಇದಕ್ಕೂ ಸಂಬಂಧವಿಲ್ಲ ಎಂದೂ ಬಿಡಿಸಿ ಹೇಳಿದರು. ಸಭೆಗೆ ಮೋಸಹೋದಂತಾಯಿತು. ಮೇಷ್ಟ್ರು, ನಾನು ಮೊದಲಿಂದ ಇದನ್ನೇ ಹೇಳುತ್ತಿದ್ದೆ ಎಂದು ಪಕ್ಕದವರಿಗೆ ಹೇಳಿದರು. ಅತ್ತೆ ಮಾತ್ರ ಒಪ್ಪದೆ ತಲೆಯಾಡಿಸುತ್ತ ಕೂತರು. ಬಂದವರು ರಕ್ತ ಕೊಟ್ಟೇ ಹೋಗಿ, ಬೇಕಾದವರು ಆಸ್ಪತ್ರೆಯಲ್ಲಿ ಬಹಳ ಜನ ಇದ್ದಾರೆ ಎಂದು ಡಾಕ್ಟರಮ್ಮ ಕೇಳಿಕೊಂಡರು. ಕ್ಷೌರಿಕ ಎಲ್ಲರಿಗಿಂತ ಮೊದಲು ಅಂಗಿಯ ತೋಳು ಮಡಚಿದ.

ಚಕ್ರಪಾಣಿ ಇನ್ನೂ ಮೈಕು ಬಿಟ್ಟಿರಲಿಲ್ಲ. ಹಾಗಾದರೆ ಸೈಕಲ್ ಯಾವಾಗ ಹತ್ತಲಿ, ಅದನ್ನೂ ಎಲ್ಲರೆದುರಿಗೇ ಹೇಳಿ ಎಂದರು.

ಡಾಕ್ಟರಮ್ಮನಿಗೆ ಆಶ್ಚರ್ಯವಾಯಿತು. "ಆವತ್ತು ಬೀಟ್‌ರೂಟ್ ತಿಂದು ಬಂದಿದ್ರಲ್ಲ, ಆಗಲೇ ಹೇಳಿದ್ನಲ್ಲ. ಹೆಲ್ಮೆಟ್ ಹಾಕ್ಕೊಂಡು, ಸಮತಟ್ಟಾದ ರಸ್ತೇಲಿ, ಜೊತೆಗೊಬ್ಬರನ್ನ ಕರ್ಕೊಂಡು ನಿಧಾನವಾಗಿ ಶುರು ಮಾಡ್ಲಿ ಅಂತ. ನಿಮ್ಮ ಮನೆಯವರಿಗೆ ಹೇಳಿ ಕಳಿಸಿದ್ದೆ."

ಶಾಮಿಯಾನದ ಕೆಳಗಿದ್ದ ತಲೆಗಳೆಲ್ಲ ಒಟ್ಟಿಗೆ ಮೊದಲ ಸಾಲಿಗೆ ತಿರುಗಿದವು. ಹೆಂಡತಿ ಎದ್ದು ನಿಂತಳು. ಮೈಕು ಅವಳ ಹತ್ತಿರ ಇರಲಿಲ್ಲ, ಬೇಕಾಗಲೂ ಇಲ್ಲ.

"ಹೌದು, ನಾನೇ ಹೇಳಲಿಲ್ಲ" ಎಂದಳು. "ಇವರು ಕಾಲು ಊದಿದ್ದು ನನಗೆ ಹೇಳಲಿಲ್ಲ. ಮೆಟ್ಟಿಲಲ್ಲಿ ಉಸಿರು ಸಿಗದೆ ಇದ್ದದ್ದು ಹೇಳಲಿಲ್ಲ. ಪಕ್ಕದಲ್ಲೇ ಮಲಗಿದ್ದೆ ನಾನು. ಆಸ್ಪತ್ರೆಯವರು ಫೋನ್ ಮಾಡಿ ಹೇಳಬೇಕಾಯ್ತು. ಇನ್ನೊಂದು ಸಲ ಆದ್ರೂ ಇವರು ಹೇಳಲ್ಲ, ದಾರೀಲೆಲ್ಲೋ ಬಿದ್ದಿರ್ತಾರೆ. ಚಕ್ರ ಮಂಚದ ಕೆಳಗಿದ್ರೆ ನನಗೆ ನಿದ್ದೆ ಬರುತ್ತೆ. ಅದಕ್ಕೇ ಹೇಳಲಿಲ್ಲ."

ಇಷ್ಟು ಹೇಳಿ ಕೂತಳು. ಮೇಲಧಿಕಾರಿಗಳು ತಮ್ಮ ಬೂಟು ನೋಡಿಕೊಂಡರು. ಚಕ್ರಪಾಣಿಯ ನಾಲಿಗೆಯ ತುದಿಯಲ್ಲಿ ಇಷ್ಟೂ ವಾರಗಳ ಸಿಟ್ಟು ಸಾಲುಗಟ್ಟಿ ನಿಂತಿತ್ತು. ಅವರು ಅದನ್ನು ಅಲ್ಲೇ ಬಿಟ್ಟು, ಮೈಕನ್ನು ಕುರ್ಚಿಯ ದಿಂಬಿನ ಮೇಲೆ ಮಲಗಿಸಿ, ಇಳಿದು ಹೋಗಿ ಅವಳ ಪಕ್ಕದಲ್ಲಿ ಕೂತರು. ಅತ್ತೆ ಎಂದಿಲ್ಲದ ಸೂಕ್ಷ್ಮತೆಯಿಂದ ಒಂದು ಕುರ್ಚಿ ಆಚೆ ಸರಿದರು.

ಭಾನುವಾರ ಬೆಳಿಗ್ಗೆ ಚಕ್ರ ತನ್ನ ಜಾಗಕ್ಕೆ ಬಂತು. ಜೊತೆಗೊಬ್ಬರು ಬೇಕೆಂಬ ಷರತ್ತಿಗೆ ಹೆಂಡತಿಯೇ ಒಂದು ಬಾಡಿಗೆ ಸೈಕಲ್ ತಂದಳು. ಶಾಲೆಗೆ ಹೋಗುವಾಗ ಹೊಡೆದಿದ್ದೆ, ಆಮೇಲೆ ಮುಟ್ಟಿಲ್ಲ ಎಂದಳು. ಚಕ್ರಪಾಣಿ ಹೆಲ್ಮೆಟ್ಟಿನ ಪಟ್ಟಿ ಬಿಗಿಯುತ್ತ, ಗೇರು, ಬ್ರೇಕು, ಬೆನ್ನಿನ ಭಂಗಿ ಇತ್ಯಾದಿಗಳ ಬಗ್ಗೆ ಉಪನ್ಯಾಸ ಶುರು ಮಾಡಿದರು. ಅದು ಮುಗಿಯುವ ಮೊದಲೇ ಅವಳು ಬೀದಿಯ ತಿರುವು ದಾಟಿದ್ದಳು.

ಕೆರೆಯ ಏರಿಯ ಮೇಲಿನ ರಸ್ತೆ ಸಮತಟ್ಟಾಗಿತ್ತು. ಮೊದಮೊದಲು ಚಕ್ರಪಾಣಿಗೆ ರೆಕ್ಕೆ ಬಂದ ಹಾಗಾಯಿತು. ಹೆಂಡತಿ ಮುಂದೆ ಹೋಗುತ್ತ, ಹಿಂದೆ ಇವರಿದ್ದಾರೆಂದು ತಿಳಿದು ಒಂದೇ ಸಮನೆ ಮಾತಾಡುತ್ತಿದ್ದಳು. ಆದರೆ ಏರಿ ಮುಗಿದು ರಸ್ತೆ ಕೊಂಚ ಏರಿದ ಕಡೆ ಎಡಗಾಲು ಭಾರವಾಯಿತು. ಉಸಿರು ಸಣ್ಣಗೆ ಎಳೆಯಿತು. ಪಕ್ಕದಲ್ಲೊಂದು ದೀಪದ ಕಂಬವಿತ್ತು, ಅದರ ಮೇಲೆ ಏನೋ ಬರೆದಿತ್ತು. ಇಳಿದು ಅದನ್ನು ಓದುತ್ತ ನಿಲ್ಲೋಣವೆಂದು ಅವರಿಗೆ ಒಂದು ಕ್ಷಣ ಅನ್ನಿಸಿದ್ದು ನಿಜ. ಅವಳ ಬೆನ್ನು ನೋಡಿದರು. ಆಮೇಲೆ ಬ್ರೇಕು ಹಿಡಿದು, ಕಾಲು ನೆಲಕ್ಕೆ ಊರಿ ಕೂಗಿದರು.

"ನಿಲ್ಲೇ, ನನಗೆ ಆಗ್ತಿಲ್ಲ."

ಅವಳು ತಿರುಗಿಸಿಕೊಂಡು ಬಂದ ವೇಗಕ್ಕೆ ಸೈಕಲ್ ಮಗುಚುವುದೊಂದು ಬಾಕಿ. ಎದೆ ನೋಯುತ್ತಾ, ಕಾಲು ಊದಿದೆಯಾ ಎಂದು ಕೇಳಿದಳು. ಇವರು ಎರಡಕ್ಕೂ ಇಲ್ಲವೆಂದು, ಕಾಲುಚೀಲ ಇಳಿಸಿ ತೋರಿಸಿದರು. ಬರೀ ಸುಸ್ತು, ಬಹಳ ದಿನದ ಮೇಲೆ ತುಳಿದಿದ್ದಕ್ಕೆ ಎಂದರು. ಅವಳು ಮೀನಖಂಡವನ್ನು ಒತ್ತಿ ನೋಡಿ, ಇನ್ನೊಂದು ಕಾಲಿನ ಜೊತೆ ಹೋಲಿಸಿ, ಉಸಿರು ಸರಿಹೋಗುವವರೆಗೂ ಕಾದು, ತೃಪ್ತಿಯಾದ ಮೇಲೆ ಪಕ್ಕದ ಕಟ್ಟೆಯ ಮೇಲೆ ಕೂತಳು. ಅವಳ ಕಣ್ಣು ತುಂಬಿತ್ತು, ಮುಖದಲ್ಲಿ ಮಾತ್ರ ನಗು ಇತ್ತು.

ಇಬ್ಬರೂ ಸೈಕಲ್ ತಳ್ಳಿಕೊಂಡು ನಡೆದೇ ವಾಪಸು ಬಂದರು. ಮೇಷ್ಟ್ರು ಗೇಟಿನಲ್ಲಿ ಕಾಯುತ್ತಿದ್ದರು.

"ಎರಡೂ ಪಂಕ್ಚರಾ?" ಎಂದು ಆಸೆಯಿಂದ ಕೇಳಿದರು.

"ಇಲ್ಲ ಮೇಷ್ಟ್ರೇ. ನನಗೆ ಸುಸ್ತಾಯ್ತು, ನಡ್ಕೊಂಡು ಬಂದ್ವಿ" ಎಂದರು ಚಕ್ರಪಾಣಿ.

ಮೇಷ್ಟ್ರು ಇನ್ನೇನಾದರೂ ಇರಬಹುದೆಂದು ಕಾದರು. ಇವರ ಮುಖ ನೋಡಿದರು, ಅವಳ ಮುಖ ನೋಡಿದರು, ಬಗ್ಗಿ ನಾಲ್ಕು ಚಕ್ರಗಳನ್ನೂ ನೋಡಿದರು. ತರಕಾರಿ ಗಾಡಿಯವರೆಗಾದರೂ ಹೊತ್ತುಕೊಂಡು ಹೋಗುವಂಥದ್ದು ಏನೂ ಸಿಗದೆ, ಗೇಟು ಹಾಕಿಕೊಂಡು ಒಳಗೆ ಹೋದರು.